ಗೊಂಚಲಕ್ಕನ ಕೊನೆಯ ತಗಡು

ಖಗೋಳ ವಿಭಾಗದ ಎರಡನೆಯ ಮಹಡಿಯಲ್ಲಿ, ಜೆರಾಕ್ಸ್ ಮೆಷಿನ್ನಿನ ಪಕ್ಕದ ಕಿರುಕೋಣೆಯಲ್ಲಿ ಕೂರುತ್ತಿದ್ದ ಹೆಂಗಸನ್ನು ಎಲ್ಲರೂ ಗೊಂಚಲಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟವನು ಟೀ ತಂದುಕೊಡುತ್ತಿದ್ದವನು. ಇಡೀ ದಿನ ಪರದೆಯ ಮುಂದೆ ಕೂತು ಏನು ಮಾಡುತ್ತೀರಿ ಎಂದು ಅವನು ಒಮ್ಮೆ ಕೇಳಿದ್ದ. "ನಕ್ಷತ್ರದ ಗೊಂಚಲುಗಳು ಎಷ್ಟು ಜೋರಾಗಿ ಓಡ್ತಿವೆ ಅಂತ ಅಳೀತೀನಿ" ಎಂದಳು. "ದ್ರಾಕ್ಷಿ ಗೊಂಚಲಾಗಿದ್ರೆ ನಾವೂ ಒಂದು ಕೈ ನೋಡಬಹುದಿತ್ತು ಅಕ್ಕ" ಎಂದು ಕಪ್ಪು ಇಟ್ಟು ಹೋದ. ಆಮೇಲೆ ಮೇಷ್ಟ್ರ ಬಾಯಲ್ಲೂ ಅದೇ ಹೆಸರು. ಮದುವೆಯಾದ ಮೇಲೆ ಗಂಡನ ಬಾಯಲ್ಲೂ ಅದೇ.

ಅವಳ ಗೊಂಚಲುಗಳು ಇದ್ದದ್ದು ಒಂದೇ ಒಂದು ದೈತ್ಯ ಗ್ಯಾಲಕ್ಸಿಯ ಸುತ್ತ. ನಮ್ಮ ಆಕಾಶಗಂಗೆಯಂಥ ಹಲವನ್ನು ಒಳಗೆ ಹಾಕಿದರೂ ಇನ್ನೂ ಜಾಗ ಉಳಿಯುವಷ್ಟು ದೊಡ್ಡದು ಅದು. ದೀಪದ ಸುತ್ತ ಹುಳ ಹಾರುವ ಹಾಗೆ ಅದರ ಸುತ್ತ ಸಾವಿರಾರು ಗುಚ್ಛಗಳು. ಒಂದೊಂದರಲ್ಲೂ ಲಕ್ಷಗಟ್ಟಲೆ ನಕ್ಷತ್ರಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಇಷ್ಟು ದೂರದಿಂದ ನೋಡಿದರೆ ಒಂದೊಂದು ಗುಚ್ಛವೂ ಬರೀ ಚುಕ್ಕಿ. ಆ ಚುಕ್ಕಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರೊಳಗಿನ ಕಪ್ಪು ಗೆರೆಗಳು ಎಷ್ಟು ಸರಿದಿವೆ ಎಂದು ನೋಡಿದರೆ ಅದು ನಮ್ಮ ಕಡೆಗೆ ಬರುತ್ತಿದೆಯೋ ನಮ್ಮಿಂದ ಆಚೆ ಹೋಗುತ್ತಿದೆಯೋ, ಎಷ್ಟು ವೇಗ ಎನ್ನುವುದು ತಿಳಿಯುತ್ತದೆ. ಅಡ್ಡಡ್ಡ ಓಡುವುದು ಮಾತ್ರ ತಿಳಿಯುವುದಿಲ್ಲ. ಅದನ್ನು ಕಣ್ಣಾರೆ ಕಾಣಬೇಕಾದರೆ ಲೆಕ್ಕವಿಲ್ಲದಷ್ಟು ತಲೆಮಾರು ಕಾಯಬೇಕು. ಅರ್ಧ ಮಾತು ಕೇಳಿಸಿಕೊಂಡು ಪೂರ್ತಿ ಜಗಳ ಊಹಿಸುವ ಕೆಲಸ ನಮ್ಮದು ಎಂದು ಮೇಷ್ಟ್ರು ನಗುತ್ತಿದ್ದರು.

ಮೇಷ್ಟ್ರು ಎಂದರೆ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ ಪ್ರಾಧ್ಯಾಪಕರು. ಗಡ್ಡದವರು, ಮೆತ್ತಗೆ ಮಾತಾಡುವವರು. ಈ ಗುಚ್ಛಗಳೆಲ್ಲ ಎಲ್ಲಿಂದ ಬಂದವು ಎನ್ನುವುದೊಂದೇ ಅವರ ಪ್ರಶ್ನೆ. ಸ್ವಲ್ಪ ಕೆಂಪು ಛಾಯೆಯವು ದೈತ್ಯ ಗ್ಯಾಲಕ್ಸಿಯ ಜೊತೆಗೇ ಹುಟ್ಟಿದವು, ಅವು ಅದರ ಸುತ್ತ ಒಂದು ಶಿಸ್ತಿನಲ್ಲಿ ತಿರುಗುತ್ತವೆ. ನೀಲಿ ಛಾಯೆಯವು ಅಡ್ಡಾದಿಡ್ಡಿ ಓಡಾಡುತ್ತವೆ, ಅವು ಹೊರಗಿನಿಂದ ಬಂದವು. ದೈತ್ಯ ನುಂಗಿದ ಸಣ್ಣ ಗ್ಯಾಲಕ್ಸಿಗಳ ಆಸ್ತಿ. ನಡುವೆ ಅಲ್ಲೊಂದು ಇಲ್ಲೊಂದು ಮಾಮೂಲಿಗಿಂತ ಭಾರವಾದ, ಗಟ್ಟಿಯಾದ ಗುಚ್ಛಗಳಿವೆ. ಅವು ಗುಚ್ಛಗಳೇ ಅಲ್ಲ, ಸಣ್ಣ ಗ್ಯಾಲಕ್ಸಿಯ ಮೈಯೆಲ್ಲ ಸುಲಿದುಹೋದ ಮೇಲೆ ಉಳಿದ ತಿರುಳು. ಇದು ಮೇಷ್ಟ್ರ ನಂಬಿಕೆ. ನಂಬಿಕೆಗೆ ಆಧಾರ ಹುಡುಕುವುದು ಗೊಂಚಲಕ್ಕನ ಪಾಲಿಗೆ ಬಂದಿತ್ತು.

ಗಂಡ ಅದೇ ಕಟ್ಟಡದ ನೆಲಮಾಳಿಗೆಯ ವರ್ಕ್‌ಶಾಪಿನವನು. ಲೇತ್, ಮಿಲ್ಲಿಂಗ್, ಡ್ರಿಲ್ಲು ಎಲ್ಲಕ್ಕೂ ಅವನೇ. ದೂರದರ್ಶಕಕ್ಕೆ ಹಾಕುವ ತಗಡುಗಳನ್ನು ಕೊರೆಯುವುದು ಅವನ ದೊಡ್ಡ ಕೆಲಸ. ಒಂದೇ ಸಲಕ್ಕೆ ಹತ್ತಾರು ಗುಚ್ಛಗಳ ಬೆಳಕು ಹಿಡಿಯಬೇಕಾದರೆ ತೆಳು ತಗಡಿನಲ್ಲಿ ಒಂದೊಂದು ಗುಚ್ಛದ ಜಾಗದಲ್ಲೂ ಕೂದಲಿನಷ್ಟು ಸಣ್ಣ ಸೀಳು ಕೊರೆಯಬೇಕು. ಸೀಳಿನ ಒಳಗಿಂದ ಆ ಚುಕ್ಕಿಯ ಬೆಳಕು ಮಾತ್ರ ಬರುತ್ತದೆ, ಮಿಕ್ಕಿದ್ದೆಲ್ಲ ತಡೆದುಹೋಗುತ್ತದೆ. ಜನ ಅವನನ್ನು ತಗಡಣ್ಣ ಎನ್ನುತ್ತಿದ್ದರು. ಅವನಿಗೆ ಬೇಸರವೇನಿಲ್ಲ. "ನಂದು ತಗಡು ಕೆಲಸ ಅಂತ ನಾನೇ ಹೇಳ್ಕೊಂಡುಬಿಟ್ರೆ, ಬೇರೆಯವರಿಗೆ ಬೈಯೋ ಕಷ್ಟ ತಪ್ಪತ್ತೆ" ಎನ್ನುತ್ತಿದ್ದ.

ಅವರಿಬ್ಬರ ಮೊದಲ ಮಾತು ಆದದ್ದು ಹೀಗೆ. ಅವಳು ಹೊಸದಾಗಿ ಸೇರಿದ್ದಳು, ಕೊಟ್ಟ ಮೊದಲ ನಕ್ಷೆಯಲ್ಲಿ ಸೀಳುಗಳು ತೀರಾ ಸಣ್ಣವಿದ್ದವು. ಮುರಿದ ಕಟರನ್ನು ಅಂಗೈಯಲ್ಲಿ ಇಟ್ಟುಕೊಂಡು ಅವನು ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದ.

"ಮೇಡಂ, ನಿಮ್ಮ ನಕ್ಷತ್ರಗಳನ್ನ ಸ್ವಲ್ಪ ದಪ್ಪ ಮಾಡ್ಕೊಳ್ಳಕ್ಕೆ ಆಗುತ್ತಾ?"

"ಅವು ನನ್ನ ಮಾತು ಕೇಳಲ್ಲ."

"ನನ್ನ ಕಟರ್ರೂ ಕೇಳ್ತಿಲ್ಲ. ಹಾಗಾದ್ರೆ ಇಬ್ರೂ ಕೂತು ಅಳೋಣ, ಇನ್ನೇನು."

ಇಬ್ಬರೂ ಅಳಲಿಲ್ಲ, ಟೀ ಕುಡಿದರು. ಮುಂದಿನ ವರ್ಷ ಮದುವೆಯಾದರು. ಮಕ್ಕಳಾಗಲಿಲ್ಲ. ಅತ್ತೆ ಮೊದಮೊದಲು ಅದನ್ನೇ ಎತ್ತಿ ಆಡುತ್ತಿದ್ದರು, ಆಮೇಲೆ ಅವರಿಗೇ ಸಾಕಾಗಿ ಬಿಟ್ಟರು. ಮೂವರೂ ಒಂದು ಮೂರನೆಯ ಮಹಡಿಯ ಮನೆಯಲ್ಲಿದ್ದರು. ಅತ್ತೆಗೆ ಸೊಸೆಯ ಕೆಲಸ ಅರ್ಥವಾಗುತ್ತಿರಲಿಲ್ಲ, ಆದರೆ ಮಗ ಮತ್ತು ಸೊಸೆ ಊಟದ ಹೊತ್ತಿಗೆ ಕೂತು ಒಂದೇ ತಗಡಿನ ಬಗ್ಗೆ ಮಾತಾಡುವುದು ಅವರಿಗೆ ಹಿಡಿಸಿತ್ತು. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಮಾತೇ ಆಡಲ್ಲ, ನಮ್ಮನೇಲಿ ತೂತಿನ ವಿಷಯಕ್ಕಾದರೂ ಮಾತಾಡುತ್ತಾರೆ ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು.

ವರ್ಷಗಳು ಉರುಳಿದವು. ಗೊಂಚಲಕ್ಕ ವೇಗಗಳನ್ನು ಅಳೆಯುತ್ತಲೇ ಹೋದಳು. ಒಂದು ದಿನ ನೀಲಿ ಗುಚ್ಛಗಳನ್ನೆಲ್ಲ ನಕ್ಷೆಯ ಮೇಲಿಟ್ಟು ವೇಗಕ್ಕೆ ತಕ್ಕ ಬಣ್ಣ ಬಳಿದಾಗ, ಗ್ಯಾಲಕ್ಸಿಯ ಒಂದು ಮಗ್ಗುಲಲ್ಲಿ ಕೆಲವು ಚುಕ್ಕಿಗಳು ಕುಡುಗೋಲಿನ ಅಲಗಿನ ಹಾಗೆ ಬಾಗಿ ನಿಂತಿದ್ದವು. ಒಂದು ತುದಿಯಿಂದ ಇನ್ನೊಂದು ತುದಿಗೆ ವೇಗ ಮೆಟ್ಟಿಲು ಇಳಿದಂತೆ ಇಳಿಯುತ್ತಿತ್ತು. ತುದಿಯಲ್ಲಿ ಒಂದು ಭಾರದ ಗುಚ್ಛ. ನುಂಗಿಸಿಕೊಂಡ ಒಂದು ಸಣ್ಣ ಗ್ಯಾಲಕ್ಸಿ, ಮುಂದೆ ಅದರ ತಿರುಳು, ಹಿಂದೆ ಅದರದೇ ಗುಚ್ಛಗಳ ಸಾಲು. ಹಾಗೆ ಕಂಡಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ನೋಡಮ್ಮ, ಇಷ್ಟೇ ಚುಕ್ಕಿಗಳಲ್ಲಿ ನಾನು ಏನನ್ನೂ ನಂಬಲ್ಲ. ಆದ್ರೆ ನಂಬೋ ಆಸೆ ಆಗ್ತಿದೆ. ಅದೇ ಭಯ."

ನಂಬಬೇಕಾದರೆ ಅದೇ ಸಾಲಿನ ಇನ್ನೂ ಮಂಕಾದ ಗುಚ್ಛಗಳ ವೇಗ ಬೇಕು. ಅದಕ್ಕೆ ಭೂಮಿಯ ಆ ಬದಿಯ ದೊಡ್ಡ ದೂರದರ್ಶಕವೇ ಆಗಬೇಕು. ಅರ್ಜಿ ಹಾಕಿದರು, ತಿರಸ್ಕಾರವಾಯಿತು. ಮತ್ತೆ ಹಾಕಿದರು, ಮತ್ತೆ ಅದೇ. ಕೊನೆಗೊಮ್ಮೆ, ಎರಡು ರಾತ್ರಿಗಳ ಅವಕಾಶ ಸಿಕ್ಕಿತು.

ಅಷ್ಟು ಹೊತ್ತಿಗೆ ಮನೆಯಲ್ಲಿ ಚಮಚಗಳು ಬೀಳಲು ಶುರುವಾಗಿದ್ದವು.

ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಗಡಣ್ಣನಿಗೆ ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು. ಬೀಗದ ಕೈ ತಿರುಗುತ್ತಿರಲಿಲ್ಲ, ಬೀಗಕ್ಕೆ ತುಕ್ಕು ಎಂದು ಎಣ್ಣೆ ಬಿಟ್ಟ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಕರಗಿ ಗುಳಿ ಬಿದ್ದಿದ್ದನ್ನು ಮೊದಲು ನೋಡಿದವರು ಅತ್ತೆ. "ತಣ್ಣನೆ ಕಬ್ಬಿಣ ಮುಟ್ಟೀ ಮುಟ್ಟೀ ಹೀಗಾಗಿದೆ" ಎಂದು ಎಣ್ಣೆ ಬಿಸಿ ಮಾಡಿ ತಿಕ್ಕತೊಡಗಿದರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ವೈರು ಅಂಟಿಸಿ, ಹಲವು ಸಲ ಓಡಾಡಿಸಿದ ಮೇಲೆ ನರಗಳ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಮಾಂಸಖಂಡಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ಕೈ ಆಯಿತು, ಮುಂದೆ ಕಾಲು, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಕೊನೆಯವರೆಗೂ ಚೆನ್ನಾಗಿರುತ್ತದೆ.

"ಬುದ್ಧಿ ಹೋಗಿ ಕೈ ಉಳಿಯೋ ಹಾಗೆ ಮಾಡಕ್ಕಾಗಲ್ವಾ ಡಾಕ್ಟ್ರೇ?" ಎಂದ ಅವನು. "ಬುದ್ಧೀನ ನಾನು ಅಷ್ಟಾಗಿ ಉಪಯೋಗಿಸೋನಲ್ಲ."

ಡಾಕ್ಟರು ನಗಲೋ ಬೇಡವೋ ಎಂದು ಗೊಂಚಲಕ್ಕನ ಮುಖ ನೋಡಿದರು. ಅವಳು ಕೇಳಿದ್ದು ಬೇರೆ. "ಎಷ್ಟು ವೇಗವಾಗಿ?"

"ಒಬ್ಬೊಬ್ಬರಿಗೆ ಒಂದೊಂದು ಥರ ಅಮ್ಮ. ಹೇಳಕ್ಕಾಗಲ್ಲ."

"ಔಷಧಿ?"

"ಸ್ವಲ್ಪ ನಿಧಾನ ಮಾಡೋದು ಒಂದಿದೆ. ನಿಲ್ಲಿಸೋದು ಇಲ್ಲ."

ಮನೆಗೆ ಬಂದು ಅತ್ತೆಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತು ತನ್ನ ಕೈಯನ್ನು ತೊಡೆಯ ಮೇಲಿಟ್ಟು ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಒಳಗೆ ಹೋದರು. ಎಣ್ಣೆ ಬಿಸಿ ಮಾಡುವ ಸದ್ದು ಕೇಳಿಸಿತು. ಬಟ್ಟಲು ಹಿಡಿದು ಹೊರಗೆ ಬಂದಾಗ, "ನಿನ್ನ ನಕ್ಷತ್ರಗಳಿಗೆ ತೂತು ಕೊರೆದೂ ಕೊರೆದೂ ನನ್ನ ಮಗ ಸವೆದುಹೋದ" ಎಂದರು. ಹಾಗಲ್ಲ ಎನ್ನುವುದು ಡಾಕ್ಟರಿಗೆ ಗೊತ್ತು, ಗೊಂಚಲಕ್ಕನಿಗೆ ಗೊತ್ತು, ಬಹುಶಃ ಅತ್ತೆಗೂ ಗೊತ್ತು. ಯಾರ ಮೇಲಾದರೂ ಹಾಕಲೇಬೇಕಲ್ಲ; ಹೆತ್ತ ಕರುಳು.

ದೊಡ್ಡ ದೂರದರ್ಶಕದವರು ತಗಡುಗಳನ್ನು ತಮ್ಮ ಲೇಸರ್ ಮೆಷಿನ್ನಿನಲ್ಲೇ ಕತ್ತರಿಸಿಕೊಳ್ಳುತ್ತಿದ್ದರು. ಬೇಕಿದ್ದರೆ ಹೊರಗಿನವರು ಮಾಡಿ ಕಳಿಸಿದ್ದನ್ನೂ ಹಾಕುತ್ತಿದ್ದರು. ಮೇಷ್ಟ್ರು ಈ ವಿಷಯವನ್ನು ಗೊಂಚಲಕ್ಕನಿಗೆ ಮೆಲ್ಲಗೆ ತಿಳಿಸಿದರು. ಅವಳು ಗಂಡನಿಗೆ ಹೇಳುವ ಮೊದಲೇ ಅವನು ಹೇಳಿಬಿಟ್ಟ.

"ಈ ತಗಡು ನಾನೇ ಮಾಡೋದು. ಇದೇ ಕೊನೇದು ಅಂತ ಗೊತ್ತು. ಬೇಡ ಅನ್ಬೇಡ."

"ಬೇಡ ಅಂತ ಯಾರು ಅಂದ್ರು?"

"ನಿನ್ನ ಮುಖ ಅಂತು."

ಅವಳು ಬೇಡ ಎನ್ನಲಿಲ್ಲ. ಎನ್ನಬೇಕಿತ್ತೋ ಏನೋ. ಅವನು ದಿನಾ ಬೆಳಗ್ಗೆ ವರ್ಕ್‌ಶಾಪಿಗೆ ಹೋಗಿ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮೆಷಿನ್ನಿನ ಚಕ್ರದ ಮೇಲೆ ಇಟ್ಟುಕೊಂಡು, ಮೊಣಕೈಗೆ ಬೆಲ್ಟು ಕಟ್ಟಿಕೊಂಡು ಕೊರೆಯುತ್ತಿದ್ದ. ಹಿಂದೆ ಒಂದು ದಿನದ ಕೆಲಸವಾಗಿದ್ದದ್ದು ಈಗ ವಾರಗಳನ್ನು ನುಂಗಿತು. ಅವಳು ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಬಾಗಿಲ ಗಾಜಿನಿಂದ ನೋಡಿ, ಒಳಗೆ ಹೋಗದೆ ಮೇಲೆ ಬರುತ್ತಿದ್ದಳು. ಒಳಗೆ ಹೋದರೆ ಏನು ಮಾಡುವುದು? ಕೈ ಹಿಡಿದುಕೊಳ್ಳುವುದೇ? ಕೈಯ ಕೆಲಸ ಕೈಯೇ ಮಾಡಬೇಕು.

ತಗಡು ಮುಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ, ವಿಭಾಗ ಖಾಲಿಯಾಗಿದ್ದಾಗ, ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಮೊದಲ ಸೀಳು ಅಂಚಿನಲ್ಲಿ ಒರಟಾಗಿತ್ತು. ಎರಡನೆಯದು ಜಾಗ ಬಿಟ್ಟು ಸರಿದಿತ್ತು. ಮುಂದೆ ಒಂದೊಂದನ್ನೂ ನೋಡುತ್ತಾ ಹೋದಳು, ಮಧ್ಯದಲ್ಲಿ ಕೆಲವು ಎಷ್ಟು ಚೆಂದವಾಗಿದ್ದವೆಂದರೆ ಅವಳಿಗೆ ಆಸೆಯೇ ಹುಟ್ಟಿತು. ಕೊನೆಯ ಕಡೆಯವು ಪೂರಾ ಹೋಗಿದ್ದವು. ಅರ್ಧದಷ್ಟು ಗುಚ್ಛಗಳ ಬೆಳಕು ಸೀಳಿಗೆ ಬೀಳದೆ ತಗಡಿನ ಮೇಲೆ ಬಿದ್ದುಹೋಗುತ್ತಿತ್ತು. ದೀಪ ಆರಿಸಿದಳು. ಆಮೇಲೆ ನಕ್ಷೆಯನ್ನು ಲೇಸರಿನವರಿಗೆ ಕಳಿಸಿದಳು. ಅವನಿಗೆ ಏನು ಹೇಳುವುದು ಎನ್ನುವುದನ್ನೂ ಸಿದ್ಧ ಮಾಡಿಕೊಂಡಳು: ದೂರದರ್ಶಕದವರು ನಿಯಮ ಬದಲಾಯಿಸಿದ್ದಾರೆ, ಹೊರಗಿನ ತಗಡು ತೆಗೆದುಕೊಳ್ಳುವುದಿಲ್ಲವಂತೆ, ನಮ್ಮ ಹಣೆಬರಹ.

ಸುಳ್ಳು ಬಾಯಿಗೆ ಬರುವ ಮೊದಲೇ, ರಾತ್ರಿ ಊಟಕ್ಕೆ ಅವನಿಗೆ ತುತ್ತು ಕೊಡುತ್ತಿದ್ದಾಗ ಅವನೇ ಮಾತು ತೆಗೆದ.

"ನನ್ನ ತಗಡು ಹಾಕಿಸಬೇಡ."

"ಯಾಕ್ರೀ?"

"ಕೆಳಗೂ ಒಂದು ಮೈಕ್ರೋಸ್ಕೋಪ್ ಇದೆ ಕಣೇ."

ತುತ್ತು ಅವಳ ಕೈಯಲ್ಲೇ ನಿಂತಿತು. "ಯಾವಾಗ ನೋಡಿದ್ರಿ?"

"ಎರಡನೇ ಸೀಳಿಗೇ ಗೊತ್ತಾಯ್ತು."

"ಮತ್ತೆ ಅಷ್ಟು ದಿನ ಯಾಕೆ ಕೊರೆದ್ರಿ?"

ಅವನು ಬಾಯಿ ತೆರೆದು ತುತ್ತು ತೆಗೆದುಕೊಂಡ. ನಿಧಾನವಾಗಿ ಅಗಿದು ನುಂಗಿದ. ನುಂಗುವುದೂ ಈಗ ಒಂದು ಕೆಲಸವಾಗಿತ್ತು. "ಶುರು ಮಾಡಿದ್ದು ಮುಗಿಸ್ದೆ ಎದ್ದು ಬಂದ್ರೆ, ನಾಳೆ ಎಲ್ಲಿಗೆ ಹೋಗ್ಲಿ ನಾನು?" ಎಂದ. ಅತ್ತೆ ಗೋಡೆಯ ಕಡೆ ತಿರುಗಿ ಕೂತರು.

ನೋಡುವ ದಿನ ಬಂತು. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಗಿನ ಹೊತ್ತು. ಹಾಗಾಗಿ ಪರದೆ ಎಳೆದ ಒಂದು ಕೋಣೆಯಲ್ಲಿ ಕೂತು, ಹೊರಗೆ ಬಿಸಿಲು ಕಾಯುತ್ತಿರುವಾಗ, ಭೂಮಿಯ ಆ ಬದಿಯ ಕತ್ತಲೆಯನ್ನು ನೋಡಬೇಕು. ಗೊಂಚಲಕ್ಕ ಗಂಡನನ್ನು ಗಾಲಿಕುರ್ಚಿಯಲ್ಲಿ ಕರೆತಂದಳು. ಬರುತ್ತೇನೆ ಎಂದವನು ಅವನೇ. ಮಾತು ಅಷ್ಟರಲ್ಲಿ ತೊದಲುತ್ತಿತ್ತು, ಅವಳಿಗೂ ಅತ್ತೆಗೂ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಸ್ವೆಟರ್ ತೊಟ್ಟ ಆಪರೇಟರು ಕಾಣಿಸಿಕೊಂಡ. ಗಾಳಿ ಜೋರಾಗಿದೆ, ಗುಮ್ಮಟ ತೆರೆಯುವ ಹಾಗಿಲ್ಲ ಎಂದ. ಕಾದರು. ಟೀ ಬಂತು, ಆರಿತು. ಗಾಳಿ ನಿಲ್ಲಲಿಲ್ಲ. ಮೊದಲ ರಾತ್ರಿ ಹಾಗೇ ಕೈತಪ್ಪಿತು.

"ಯಾರನ್ನಾದ್ರೂ ಬೈಯೋಣ ಅಂದ್ರೆ ಗಾಳಿ" ಎಂದರು ಮೇಷ್ಟ್ರು. "ಬೈದ್ರೂ ಆ ಕಡೆ ಹಾರಿಸ್ಕೊಂಡು ಹೋಗುತ್ತೆ."

ಎರಡನೆಯ ದಿನ ಗುಮ್ಮಟ ತೆರೆಯಿತು. ಲೇಸರಿನ ತಗಡು ಒಳಗೆ ಹೋಯಿತು. ತಗಡು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಮೂಲೆಗಳಲ್ಲಿ ಚೌಕದ ತೂತುಗಳಿರುತ್ತವೆ, ಒಂದೊಂದರ ನಡುವೆ ಒಂದೊಂದು ಗುರುತಿನ ನಕ್ಷತ್ರ ಬರಬೇಕು. ಬಂತು. ಎಲ್ಲವೂ ನಟ್ಟನಡುವೆ. ಗಂಡ ಕುರ್ಚಿಯಿಂದ ಕುತ್ತಿಗೆ ಚಾಚಿ ಬಹಳ ಹೊತ್ತು ನೋಡಿದ.

"ಚೆನ್ನಾಗಿ ಕತ್ತರಿಸಿದಾರೆ" ಎಂದ.

ಮೇಷ್ಟ್ರು, "ಏನಂತೆ?" ಎಂದು ಕೇಳಿದರು. "ಚೆನ್ನಾಗಿದೆ ಅಂತಿದಾರೆ" ಎಂದಳು ಅವಳು.

ಬೆಳಕು ಬಂತು. ಅದನ್ನು ಬಿಡಿಸಿ, ತೊಳೆದು, ಗೆರೆಗಳನ್ನು ಅಳೆಯಲು ತಿಂಗಳುಗಳು ಹಿಡಿದವು. ಅರ್ಧ ದಿನ ವಿಭಾಗ, ಅರ್ಧ ದಿನ ಮನೆ. ಅವನನ್ನು ಮಗ್ಗುಲು ಬದಲಿಸುವುದು, ಗಂಟಲಲ್ಲಿ ಕಟ್ಟಿದ ಕಫ ಯಂತ್ರದಿಂದ ಎಳೆಯುವುದು, ನೊಣ ಕೂತರೆ ಓಡಿಸುವುದು. ಓಡಿಸಲು ಅವನಿಗೆ ಕೈಯಿರಲಿಲ್ಲ, ಕರೆಯಲು ಧ್ವನಿಯಿರಲಿಲ್ಲ. ಕಣ್ಣು ಮಾತ್ರ ಕೋಣೆ ತುಂಬ ಓಡಾಡುತ್ತಿತ್ತು. ಅತ್ತೆ ಈಗಲೂ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕಿ ಏನು ಪ್ರಯೋಜನ ಎಂದು ಯಾರೂ ಕೇಳುತ್ತಿರಲಿಲ್ಲ.

ಹೊಸ ವೇಗಗಳನ್ನು ಹಳೆಯ ನಕ್ಷೆಯ ಮೇಲಿಟ್ಟ ದಿನ ಗೊಂಚಲಕ್ಕ ಒಬ್ಬಳೇ ಇದ್ದಳು. ಬಾಗಿದ ಸಾಲಿನ ನಡುವೆ ಹೊಸ ಚುಕ್ಕಿಗಳು ಬಂದು ಕೂತವು. ಮೆಟ್ಟಿಲು ಇಳಿದಂತೆ ಇಳಿಯಬೇಕಿದ್ದ ವೇಗಗಳು ಇಳಿಯಲಿಲ್ಲ. ಒಂದು ಇತ್ತ, ಒಂದು ಅತ್ತ, ಸಂತೆಯಲ್ಲಿ ಜನ ಓಡಾಡುವ ಹಾಗೆ. ಅಳತೆಯಲ್ಲಿ ತಪ್ಪಿರಬಹುದೆಂದು ಮತ್ತೆ ಅಳೆದಳು, ಬೇರೆ ದಾರಿಯಲ್ಲಿ ಅಳೆದಳು, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಅಳೆದಳು. ಸಾಲು ಎಂಬುದೇ ಇರಲಿಲ್ಲ. ಮೊದಲಿನ ಕೆಲವು ಚುಕ್ಕಿಗಳು ಅಕಸ್ಮಾತ್ತಾಗಿ ಒಂದು ಗೆರೆಯಲ್ಲಿ ನಿಂತಿದ್ದವು, ಅಷ್ಟೇ. ತುದಿಯ ಭಾರದ ಗುಚ್ಛ ಮಾತ್ರ ನಿಜಕ್ಕೂ ಭಾರವಿತ್ತು. ಅದರೊಳಗಿನ ನಕ್ಷತ್ರಗಳು ಓಡಾಡುವ ರಭಸ ನೋಡಿದರೆ, ಅದು ಒಂದು ಕಾಲದಲ್ಲಿ ಯಾವುದೋ ಗ್ಯಾಲಕ್ಸಿಯ ತಿರುಳೇ ಆಗಿದ್ದಿರಬೇಕು. ಆದರೆ ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು, ಅದರ ಜೊತೆಗೆ ಬಂದವು ಯಾವುವು ಎಂದು ಕೇಳಿದರೆ ಹೇಳುವವರು ಯಾರೂ ಇಲ್ಲ.

ಮೇಷ್ಟ್ರು ನಕ್ಷೆ ನೋಡಿ ಗಡ್ಡ ನೀವಿಕೊಂಡರು.

"ನೀನು ತಪ್ಪು ಮಾಡಿಲ್ಲಮ್ಮ."

"ತಪ್ಪು ಮಾಡಿದ್ರೆ ತಿದ್ದಬಹುದಿತ್ತು ಸಾರ್" ಎಂದಳು.

ಮೇಷ್ಟ್ರು ಕುರ್ಚಿ ಎಳೆದು ಕೂತು, "ಇದ್ದದ್ದು ಇದ್ದ ಹಾಗೆ ಬರೆಯೋಣ. ಸಾಲು ಇಲ್ಲ ಅಂತ ಬರೆಯೋಣ. ನಾಳೆ ಇನ್ಯಾರಾದ್ರೂ ಅದೇ ಸಾಲಿಗೆ ವರ್ಷಗಟ್ಟಲೆ ಸುರಿಯೋದು ತಪ್ಪತ್ತೆ" ಎಂದರು. ಹಾಗೇ ಬರೆದರು. ಪ್ರಕಟವೂ ಆಯಿತು. ಓದಿದವರು ಕಡಿಮೆ.

ಗಂಡನಿಗೆ ಹೇಳಿದ್ದು ಒಂದು ಸಂಜೆ, ಅವನ ಕುತ್ತಿಗೆಯ ಕೆಳಗಿನ ದಿಂಬು ಸರಿ ಮಾಡುತ್ತಾ. "ಸಾಲು ಇರಲಿಲ್ಲ ಕಣ್ರೀ. ನಿಮ್ಮ ತಗಡು ಹಾಕಿದ್ರೂ ಅಷ್ಟೇ ಆಗ್ತಿತ್ತು." ಸಮಾಧಾನಕ್ಕೆಂದು ಹೇಳಿದ್ದು, ಹೇಳಿದ ಮೇಲೆ ಅದು ಸಮಾಧಾನವಾಗಿ ಕೇಳಿಸಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಆಮೇಲೆ ಕಣ್ಣನ್ನು ಮೇಲೆತ್ತಿದ. ಏನೋ ಹೇಳಬೇಕು ಎಂದು ಅದರ ಅರ್ಥ.

ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಗೋಡೆಯ ಮೇಲೆ ದೊಡ್ಡದಾಗಿ ಬರೆದ ಅಕ್ಷರಮಾಲೆ. ಅವಳು ಒಂದೊಂದು ಸಾಲಿನ ಮೊದಲ ಅಕ್ಷರ ಹೇಳುತ್ತಾಳೆ. ಬೇಕಾದ ಸಾಲು ಬಂದಾಗ ಅವನು ಕಣ್ಣು ಎತ್ತುತ್ತಾನೆ. ಆಮೇಲೆ ಸಾಲಿನೊಳಗಿನ ಅಕ್ಷರ, ಆಮೇಲೆ ಕಾಗುಣಿತ. "ಒತ್ತಕ್ಷರ ಬೇಡ, ಈ ಮನೇಲಿ ಅವಕ್ಕೆಲ್ಲ ರಜಾ" ಎಂದು ಮೊದಲ ದಿನವೇ ಅವಳು ನಗಿಸಿದ್ದಳು.

"ಕ... ಚ... ಟ... ತ... ಪ..."

ಕಣ್ಣು ಎತ್ತಿದ.

"ಪ, ಫ, ಬ..." ಮತ್ತೆ ಎತ್ತಿದ. "ಬ, ಬಾ, ಬಿ, ಬೀ, ಬು, ಬೂ, ಬೆ..." ಎತ್ತಿದ.

"ಬೆ. ಬೆನ್ನಾ? ಬೆನ್ನು ನೋಯ್ತಿದೆಯಾ?" ಇಲ್ಲ. "ಬೆಳಕಾ? ದೀಪ ಆರಿಸ್ಲಾ?" ಇಲ್ಲ. "ಬೆರಳು?" ಅವನ ಬೆರಳುಗಳನ್ನು ಹಿಡಿದು ಮಡಿಸಿ ಬಿಡಿಸಿದಳು. ಅದಲ್ಲ. "ಬೆವರ್ತಿದೆಯಾ? ಬೆಡ್‌ಶೀಟ್ ಮುದುರಿದೆಯಾ? ಬೆಳಗ್ಗೆ? ಬೆಳಗ್ಗೆ ಏನು?" ಮುಂದಿನ ಅಕ್ಷರಕ್ಕೆ ಮತ್ತೆ ಸಾಲುಗಳನ್ನು ಹೇಳತೊಡಗಿದಳು. ಅವನ ರೆಪ್ಪೆಗಳು ಭಾರವಾಗಿದ್ದವು. ಯಾವ ಸಾಲಿಗೆ ಎತ್ತಿದ, ಯಾವುದಕ್ಕೆ ಸುಮ್ಮನೆ ಮಿಟುಕಿಸಿದ ಎಂದು ಗೊತ್ತಾಗಲಿಲ್ಲ. ಅಡುಗೆಮನೆಯಿಂದ ಅತ್ತೆ ಬಂದು ಮಗನ ಮುಖಕ್ಕೆ ಬಾಗಿ, "ಬೇಸರ ಆಗಿದೆಯೇನೋ ಮಗಾ?" ಎಂದು ಕೇಳಿದರು. ಅವನು ಅವರನ್ನೂ ನೋಡಿದ, ಇವಳನ್ನೂ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಮರುದಿನ ಅವಳು ಮೊದಲು ಕೇಳಿದ್ದೇ ಅದನ್ನು. "ನಿನ್ನೆ ಬೆ ಅಂದ್ರಲ್ಲ, ಏನದು?" ಅವನಿಗೆ ಜ್ವರ ಬಂದಿತ್ತು. ಕಣ್ಣು ಅವಳ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದರು, ಅಲ್ಲಿ ಮೂಗಿಗೆ ಉಸಿರಾಟದ ಮುಖವಾಡ ಕಟ್ಟಿದರು. ಅದನ್ನು ಕಟ್ಟಿದ ಮೇಲೆ ಕಣ್ಣಿನ ಕೆಳಗೆ ರಬ್ಬರು ಒತ್ತಿ, ಎತ್ತಿದ್ದೂ ಇಳಿಸಿದ್ದೂ ಒಂದೇ ಆಗಿ ಕಾಣುತ್ತಿತ್ತು. ಆ ವಾರ ಮುಗಿಯುವ ಮುಂಚೆ, ಗೊಂಚಲಕ್ಕ ನೀರಿನ ಬಾಟಲಿ ತುಂಬಿಸಲು ಹೊರಗೆ ಹೋಗಿದ್ದಾಗ, ಉಸಿರು ನಿಂತಿತು. ಪಕ್ಕದಲ್ಲಿದ್ದವರು ಅತ್ತೆ.

ಅತ್ತೆ ಸೊಸೆ ಈಗಲೂ ಅದೇ ಮೂರನೆಯ ಮಹಡಿಯಲ್ಲಿದ್ದಾರೆ. ಅತ್ತೆಗೆ ಮೊಣಕಾಲು ಹಿಡಿದುಕೊಂಡಿದೆ, ಎಣ್ಣೆ ತಿಕ್ಕುವ ಕೆಲಸ ಸೊಸೆಗೆ ಬಂದಿದೆ. ಗೋಡೆಯ ಮೇಲಿನ ಅಕ್ಷರಗಳನ್ನು ಇಬ್ಬರೂ ತೆಗೆದಿಲ್ಲ. ತೆಗೆಯಬೇಕು ಎಂದು ಇಬ್ಬರೂ ಒಮ್ಮೊಮ್ಮೆ ಹೇಳುತ್ತಾರೆ. ಊಟದ ಹೊತ್ತಿಗೆ ಮಾತು ಕಡಿಮೆ. ಮೊನ್ನೆ ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ಆ ನಿನ್ನ ಚುಕ್ಕಿಗಳು ಎಲ್ಲಿಗೆ ಹೋಗ್ತಿವೆಯೇ ಅಷ್ಟು ಜೋರಾಗಿ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲ ಅತ್ತೆ" ಎಂದಳು ಗೊಂಚಲಕ್ಕ. "ನಾನು ಅಳೀತೀನಿ ಅಷ್ಟೇ."

ಅತ್ತೆ ತಲೆ ಆಡಿಸಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಬೇಡ ಎನ್ನುವಷ್ಟರಲ್ಲಿ ಬಡಿಸಿಯಾಗಿತ್ತು.